ಐರ್ಲೆಂಡಿನ ಒಂದು ಸಂತೆಪೇಟೆ

ಪರದೇಶಕ್ಕೆ ಹೋದವರು ಹಿಂತಿರುಗಿ ಬಂದು ಹೇಳುವುದು ಸಾಮಾನ್ಯವಾಗಿ ರಾಜಧಾನಿಗಳ ಕಥೆಯನ್ನು. ಐರ್ಲೆಂಡಿಗೆ ಹೋದವರಾದರೆ ಡಬ್ಲಿನ್ನಿನ ಟ್ರಿನಿಟಿ ಕಾಲೇಜನ್ನೂ ಪಶ್ಚಿಮ ತೀರದ ಕಡಿದಾದ ಬಂಡೆಗಳನ್ನೂ ವರ್ಣಿಸುತ್ತಾರೆ. ಅವು ನೋಡತಕ್ಕವೇ, ಸಂದೇಹವಿಲ್ಲ. ಆದರೆ ಒಂದು ನಾಡಿನ ಜನ ಹೇಗೆ ಬಾಳಿದರು, ಏನನ್ನು ಮಾರಿದರು, ಏನನ್ನು ಕೊಂಡರು, ಏನನ್ನು ಕಳೆದುಕೊಂಡರು ಎಂಬುದು ತಿಳಿಯಬೇಕಾದರೆ ಅಲ್ಲಿಯ ಯಾವುದಾದರೊಂದು ಸಂತೆಪೇಟೆಯಲ್ಲಿ ಎರಡು ದಿನ ತಂಗಬೇಕು. ನಾನು ಇಂದು ನಿಮ್ಮ ಮುಂದಿಡುತ್ತಿರುವುದು ಅಂಥ ಒಂದು ಊರಿನ ವಿಚಾರ. ಅದರ ಹೆಸರು ಲಿಸ್ಟೋಲ್.

ಐರ್ಲೆಂಡಿನ ನೈಋತ್ಯ ಮೂಲೆಯಲ್ಲಿರುವ ಕೆರ್ರಿ ಜಿಲ್ಲೆಯ ಉತ್ತರ ಭಾಗದಲ್ಲಿ, ಫೇಲ್ ಎಂಬ ನದಿಯ ದಂಡೆಯ ಮೇಲೆ ಈ ಊರಿದೆ. ಜನಸಂಖ್ಯೆ ಸುಮಾರು 5,000. ಒಂದು ಕಾಲದಲ್ಲಿ ಇಲ್ಲಿಗೆ ರೈಲು ಬರುತ್ತಿತ್ತು. ಈಗ ಟ್ರಲೀ ಪಟ್ಟಣದವರೆಗೆ ರೈಲಿನಲ್ಲಿ ಬಂದು ಅಲ್ಲಿಂದ ಬಸ್ಸು ಹಿಡಿಯಬೇಕು. ಅರ್ಧ ಗಂಟೆಯ ಹಾದಿ. ಎರಡೂ ಪಕ್ಕಕ್ಕೆ ಹಸುರು ಹುಲ್ಲುಗಾವಲು, ಮೇಯುವ ದನ, ಆಗಾಗ ಬಂದು ಹೋಗುವ ತುಂತುರು ಮಳೆ. ಊರ ಬಾಗಿಲಿನ ಹೆಸರುಹಲಗೆಯಲ್ಲಿ ಎರಡು ಸಾಲುಗಳಿವೆ. ಕೆಳಗೆ ಇಂಗ್ಲಿಷಿನಲ್ಲಿ ಲಿಸ್ಟೋಲ್. ಮೇಲೆ ಓರೆಯಕ್ಷರದಲ್ಲಿ ಐರಿಷ್ ಭಾಷೆಯ ಮೂಲ ಹೆಸರು, ‘ಲಿಸ್ ತೂಹಿಲ್’. ತೂಹಲ್ ಎಂಬಾತನ ಕೋಟೆ ಎಂದು ಅದರ ಅರ್ಥ. ಕೆಳಗಿನ ಸಾಲಿಗೆ ಅರ್ಥವಿಲ್ಲ; ಅದು ಮೇಲಿನ ಸಾಲಿನ ಸದ್ದನ್ನು ಪರಭಾಷೆಯ ಕಿವಿ ಹಿಡಿದುಕೊಂಡ ಬಗೆ ಅಷ್ಟೆ. ಐರ್ಲೆಂಡಿನ ಸಾವಿರಾರು ಊರುಗಳ ಕಥೆ ಹೀಗೆಯೇ. ಈ ಎರಡು ಸಾಲುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಊರೊಳಕ್ಕೆ ಹೋಗೋಣ.

ಐರಿಷ್ ಸಂತೆಪೇಟೆಯ ಹೃದಯವೆಂದರೆ ಅದರ ಚೌಕ. ಲಿಸ್ಟೋಲಿನ ಚೌಕದಲ್ಲಿ ನಿಂತು ಸುತ್ತಲೂ ಕಣ್ಣು ಹಾಯಿಸಿದರೆ ಚರಿತ್ರೆಯ ಅಧ್ಯಾಯಗಳು ಒಂದರ ಪಕ್ಕದಲ್ಲೊಂದು ತೆರೆದುಕೊಳ್ಳುತ್ತವೆ. ನದಿಯ ಕಡೆಗೆ 15ನೆಯ ಶತಮಾನದ ಕೋಟೆಯೊಂದರ ಅವಶೇಷವಿದೆ. ನಾಲ್ಕು ಬುರುಜುಗಳಲ್ಲಿ ಎರಡು ಮಾತ್ರ ಉಳಿದಿವೆ. ಎತ್ತರದಲ್ಲಿ ಒಂದು ಕಮಾನು ಅವೆರಡನ್ನೂ ಜೋಡಿಸುತ್ತದೆ. ಇದು ಫಿಟ್ಸ್‌ಮಾರಿಸ್ ಮನೆತನದ ಕೋಟೆ. 1600ರಲ್ಲಿ, ಮೊದಲನೆಯ ಎಲಿಜಬೆತ್ ರಾಣಿಯ ಕಾಲದಲ್ಲಿ, ಸರ್ ಚಾರ್ಲ್ಸ್ ವಿಲ್ಮಟ್ಟನ ಸೈನ್ಯ ಇದನ್ನು ಮುತ್ತಿತು. 28 ದಿನ ತಡೆದು ನಿಂತ ಮೇಲೆ ಕೋಟೆ ಬಿದ್ದಿತು. ಚೌಕದ ನಟ್ಟನಡುವೆ ಇರುವುದು 1819ರಲ್ಲಿ ಆಳುವವರ ಪಂಥದವರು, ಎಂದರೆ ಪ್ರಾಟೆಸ್ಟೆಂಟರು, ಕಟ್ಟಿಸಿದ ಸಂತ ಜಾನರ ಇಗರ್ಜಿ. ಬಹುಸಂಖ್ಯಾತ ಕ್ಯಾಥೊಲಿಕರ ಇಗರ್ಜಿ ಚೌಕದ ಒಂದು ಅಂಚಿನಲ್ಲಿದೆ. ಯಾರು ನಡುವೆ, ಯಾರು ಅಂಚಿನಲ್ಲಿ ಎಂಬುದನ್ನು ಕಲ್ಲುಗಳೇ ಹೇಳುತ್ತವೆ. ಕಾಲ ಉರುಳಿತು, ನಡುವಿನ ಇಗರ್ಜಿಗೆ ಭಕ್ತರು ಉಳಿಯಲಿಲ್ಲ. ಈಗ ಅದು ನಾಟಕಶಾಲೆ. ಪ್ರವಚನ ನಡೆಯುತ್ತಿದ್ದಲ್ಲಿ ಸಂಭಾಷಣೆ ನಡೆಯುತ್ತಿದೆ. ಸಾಹಿತ್ಯದವನಾದ ನನಗೆ ಇದು ತೀರ ಕೆಟ್ಟ ಬದಲಾವಣೆಯಾಗಿ ತೋರಲಿಲ್ಲ.

ಸಂತೆ ಎಂದೆನಲ್ಲ, ಇಲ್ಲಿ ಮಾರುತ್ತಿದ್ದುದೇನು? ಮುಖ್ಯವಾಗಿ ದನ, ಕುದುರೆ, ಬೆಣ್ಣೆ. ಕೆರ್ರಿಯ ಬೆಣ್ಣೆ ಮರದ ಪೀಪಾಯಿಗಳಲ್ಲಿ ಕಾರ್ಕ್ ನಗರಕ್ಕೆ ಹೋಗಿ, ಅಲ್ಲಿಂದ ಹಡಗೇರಿ ದೇಶಾಂತರ ಸೇರುತ್ತಿತ್ತು. ದನದ ವ್ಯಾಪಾರ ಬೀದಿಯಲ್ಲಿಯೇ. ಕೊಳ್ಳುವವನಿಗೂ ಮಾರುವವನಿಗೂ ನಡುವೆ ದಲ್ಲಾಳಿಯೊಬ್ಬ ನಿಂತು ಇಬ್ಬರ ಕೈಗಳನ್ನೂ ಹಿಡಿದೆಳೆದು ಸೇರಿಸುವನು. ಅಂಗೈಗೆ ಅಂಗೈ ತಟ್ಟಿದರೆ ವ್ಯಾಪಾರ ಮುಗಿದಂತೆ. ಹಣ ಪಡೆದ ಮೇಲೆ ಮಾರಿದವನು ಅದರಲ್ಲಿ ಒಂದಿಷ್ಟನ್ನು ‘ಅದೃಷ್ಟದ ಕಾಸು’ ಎಂದು ಕೊಂಡವನಿಗೆ ಹಿಂದಕ್ಕೆ ಕೊಡುತ್ತಿದ್ದನು. 1950ರ ದಶಕದಿಂದೀಚೆಗೆ ಸಹಕಾರಿ ಮಾರುಕಟ್ಟೆಗಳು ಬಂದು ಐರ್ಲೆಂಡಿನಲ್ಲೆಲ್ಲ ಬೀದಿಯ ದನದ ಸಂತೆಗಳು ಹಿಂದೆ ಸರಿದವು. ಹಾಲಿನ ನಂಟು ಮಾತ್ರ ಈ ಊರಿಗೆ ತಪ್ಪಲಿಲ್ಲ. 1972ರಲ್ಲಿ ಇಲ್ಲಿ ಆರಂಭವಾದ ಹಾಲಿನ ಉದ್ಯಮವೇ ಬೆಳೆದು ಇಂದು ಜಗತ್ತಿನ ದೊಡ್ಡ ಆಹಾರ ಕಂಪನಿಗಳಲ್ಲೊಂದಾಗಿದೆ.

ಅಂಗಡಿಗಳ ಮುಂಭಾಗವನ್ನು ತಲೆಯೆತ್ತಿ ನೋಡುತ್ತ ನಡೆಯಬೇಕು. ಪ್ಯಾಟ್ ಮ್ಯಾಕಾಲಿಫ್ ಎಂಬ ಗಾರೆ ಕೆಲಸದವನಿದ್ದನು. 1846ರಿಂದ 1921ರವರೆಗೆ ಬಾಳಿದವನು. ಅಂಗಡಿಗಳ ಗೋಡೆಗಳ ಮೇಲೆ ಗಾರೆಯಲ್ಲಿ ಉಬ್ಬುಚಿತ್ರಗಳನ್ನು ಮೂಡಿಸುವುದರಲ್ಲಿ ನಿಸ್ಸೀಮ. ಒಂದು ಕಟ್ಟಡದ ಮೇಲೆ ಐರ್ಲೆಂಡನ್ನು ಹೆಣ್ಣಾಗಿ ಚಿತ್ರಿಸಿ, ಪಕ್ಕದಲ್ಲಿ ಅವಳ ನಾಡಿನ ತಂತಿವಾದ್ಯವನ್ನೂ ಬೇಟೆನಾಯಿಯನ್ನೂ ದುಂಡು ಗೋಪುರವನ್ನೂ ಇರಿಸಿ, ಐರ್ಲೆಂಡ್ ಚಿರಕಾಲ ಬಾಳಲಿ ಎಂಬ ಐರಿಷ್ ಘೋಷವಾಕ್ಯವನ್ನು ಬರೆದಿದ್ದಾನೆ. ಬೀದಿಯಲ್ಲಿ ಇಂಗ್ಲಿಷು ನಡೆಯುತ್ತಿದ್ದ ಕಾಲದಲ್ಲಿ ಐರಿಷ್ ಗೋಡೆಯನ್ನೇರಿ ಕುಳಿತಿತ್ತು.

ಭಾಷೆ ಬೀದಿಯಿಂದ ಗೋಡೆಗೆ ಏರಿದ್ದೇಕೆ? ಇದರ ಉತ್ತರಕ್ಕೆ ಊರ ಹೊರಗೆ, ಬ್ಯಾಲಿಬನಿಯನ್ ಕಡೆಯ ರಸ್ತೆಯಲ್ಲಿ ನಡೆಯಬೇಕು. ಅಲ್ಲಿ ‘ತ್ಯಾಂಪಲೀನ್ ಬಾನ್’, ಎಂದರೆ ಬಿಳಿಯ ಪುಟ್ಟ ಗುಡಿ, ಎಂಬ ಸ್ಮಶಾನವಿದೆ. ಮಹಾಕ್ಷಾಮದಲ್ಲಿ ಸತ್ತ ಬಡವರನ್ನು ಹೂಳಿದ ಸ್ಥಳ ಅದು. 1845ರಲ್ಲಿ ಆಲೂಗೆಡ್ಡೆಗೆ ಕೊಳೆರೋಗ ತಗುಲಿತು. ಬಡವರಿಗೆ ಅದೊಂದೇ ಆಹಾರ. ಮುಂದಿನ ಏಳೆಂಟು ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಅದಕ್ಕಿಂತ ಹೆಚ್ಚು ಜನ ಹಡಗು ಹತ್ತಿದರು. ಆ ವರ್ಷಗಳಲ್ಲಿಯೂ ಐರ್ಲೆಂಡಿನ ಸಂತೆಗಳಿಂದ ಬೆಣ್ಣೆ, ಧಾನ್ಯ ಹೊರದೇಶಕ್ಕೆ ಹೋಗುತ್ತಲೇ ಇದ್ದವು. ಸತ್ತವರಲ್ಲಿಯೂ ಹೋದವರಲ್ಲಿಯೂ ಐರಿಷ್ ಮಾತಾಡುವ ಬಡವರೇ ಹೆಚ್ಚು. 1851ರ ಜನಗಣತಿಯಲ್ಲಿ ಐರಿಷ್ ಬಲ್ಲವರೆಂದು ಲೆಕ್ಕಕ್ಕೆ ಬಂದವರು ಸುಮಾರು 15 ಲಕ್ಷ, ನಾಲ್ವರಲ್ಲಿ ಒಬ್ಬರಿಗಿಂತ ಕಡಿಮೆ.

ಉಳಿದವರು ಕೈಗೊಂಡ ನಿರ್ಧಾರ ಇನ್ನೂ ಮನಕಲಕುವಂಥದು. ಮಗ ನಾಳೆ ಅಮೆರಿಕಕ್ಕೋ ಇಂಗ್ಲೆಂಡಿಗೋ ಹೋಗಬೇಕು. ಅಲ್ಲಿ ಅನ್ನ ಕೊಡುವುದು ಇಂಗ್ಲಿಷ್. ಮಗುವಿನ ಕೊರಳಿಗೆ ಒಂದು ಕೋಲನ್ನು ಕಟ್ಟಿ, ಐರಿಷ್ ಮಾತಾಡಿದಾಗಲೆಲ್ಲ ಅದರ ಮೇಲೆ ಒಂದು ಗೀರು ಹಾಕಿ, ಸಂಜೆ ಗೀರುಗಳನ್ನೆಣಿಸಿ ಏಟು ಕೊಡುವ ಪದ್ಧತಿ ಹಲವೆಡೆ ಇತ್ತು. ಹೊಡೆದವರು ಮೇಷ್ಟರು, ಒಪ್ಪಿದವರು ತಾಯಿತಂದೆಗಳು. ಮಕ್ಕಳ ಮೇಲಿನ ದ್ವೇಷದಿಂದಲ್ಲ, ಪ್ರೀತಿಯಿಂದ. ಪರಕೀಯ ಪ್ರಭುತ್ವವನ್ನು ಮಾತ್ರ ದೂರಿ ನಾವು ಸುಮ್ಮನಾಗುವಂತಿಲ್ಲ.

ಇಷ್ಟು ದುಃಖವನ್ನು ಕೇಳಿದ ಮೇಲೆ ಒಂದು ಸೋಜಿಗವನ್ನೂ ಕೇಳಿ. ಇದೇ ಊರಿನಿಂದ ಸಮುದ್ರತೀರದ ಬ್ಯಾಲಿಬನಿಯನ್ನಿಗೆ 1888ರಿಂದ 1924ರವರೆಗೆ ಒಂಟಿಹಳಿಯ ಉಗಿರೈಲು ಓಡುತ್ತಿತ್ತು. ದೂರ ಸುಮಾರು 15 ಕಿಲೋಮೀಟರು. ಇದನ್ನು ರೂಪಿಸಿದವನು ಫ್ರಾನ್ಸಿನ ಲಾರ್ತೀಗ್. ಒಂಟೆ ಎರಡೂ ಪಕ್ಕಕ್ಕೆ ಹೇರನ್ನು ಸಮವಾಗಿ ಹೊತ್ತು ನಡೆಯುವುದನ್ನು ಆಲ್ಜೀರಿಯದಲ್ಲಿ ಕಂಡು ಅವನಿಗೆ ಈ ಕಲ್ಪನೆ ಬಂದಿತಂತೆ. ಹಳಿ ನೆಲದಿಂದ ಮೇಲೆ ಚೌಕಟ್ಟಿನ ಮೇಲಿರುತ್ತಿತ್ತು. ಗಾಡಿ ಅದರ ಎರಡೂ ಪಕ್ಕಕ್ಕೆ ಇಳಿಬಿದ್ದಿರುತ್ತಿತ್ತು. ತೂಕ ಸಮವಾಗಿಲ್ಲದಿದ್ದರೆ ಗತಿ ಕೆಟ್ಟಿತು. ಒಂದು ಕಡೆ ಪಿಯಾನೊ ಇಟ್ಟರೆ ಇನ್ನೊಂದು ಕಡೆ ಹಸುವನ್ನು ನಿಲ್ಲಿಸಿದರಂತೆ. ಆ ಹಸುವನ್ನು ಹಿಂದಕ್ಕೆ ತರಲು ಎರಡು ಕರುಗಳು ಬೇಕಾದವಂತೆ! ಈ ರೈಲಿನ ಒಂದು ತುಣುಕನ್ನು ಪ್ರವಾಸಿಗಳಿಗಾಗಿ ಮತ್ತೆ ಕಟ್ಟಿದ್ದಾರೆ.

ಇನ್ನು ಈ ಊರಿನ ಸಾಹಿತ್ಯ. ಬ್ರಯನ್ ಮ್ಯಾಕ್‌ಮಹನ್ (1909–1998) ಇಲ್ಲಿಯ ಶಾಲಾಮಾಸ್ತರರು, ಒಳ್ಳೆಯ ಕಥೆಗಾರರು. ಕೆರ್ರಿಯ ತೀರದಾಚೆಯ ಬ್ಲಾಸ್ಕೆಟ್ ದ್ವೀಪದ ಪೆಗ್ ಸೇಯರ್ಸ್ ಎಂಬ ಮುದುಕಿ ಐರಿಷಿನಲ್ಲಿ ಹೇಳಿ ಬರೆಸಿದ ಆತ್ಮಕಥೆಯನ್ನು ಇಂಗ್ಲಿಷಿಗೆ ತಂದವರು ಅವರೇ. ಜಾನ್ ಬಿ. ಕೇನ್ (1928–2002) ಇಲ್ಲಿ ‘ಪಬ್’ ಎಂದು ಕರೆಯುವ ಪಾನಗೃಹವೊಂದನ್ನು ನಡೆಸುತ್ತಿದ್ದವರು. ಹಗಲು ಗಿರಾಕಿಗಳ ಮಾತು ಕೇಳಿಸಿಕೊಂಡು ರಾತ್ರಿ ನಾಟಕ ಬರೆಯುತ್ತಿದ್ದರು. ಹಣಕ್ಕಾಗಿ ಅನಾಥ ಹುಡುಗಿಯನ್ನು ಮುದುಕನಿಗೆ ಗಂಟುಹಾಕಲು ಹೊರಟ ಮನೆಯೊಂದರ ದುರಂತವೇ ಅವರ ‘ಸೈವ್’. ಡಬ್ಲಿನ್ನಿನ ಪ್ರಸಿದ್ಧ ಆ್ಯಬೆ ರಂಗಮಂದಿರ ಅದನ್ನು ತಿರಸ್ಕರಿಸಿತು. 1959ರಲ್ಲಿ ಊರಿನ ಹವ್ಯಾಸಿಗಳೇ ಅದನ್ನು ಆಡಿ, ಅಖಿಲ ಐರ್ಲೆಂಡ್ ನಾಟಕ ಸ್ಪರ್ಧೆಯಲ್ಲಿ ಗೆದ್ದು ಬಂದರು. 1965ರ ‘ದಿ ಫೀಲ್ಡ್’ ನಾಟಕದಲ್ಲಿ ಒಬ್ಬ ರೈತ ತಾನು ಗೇಣಿಗೆ ಹಿಡಿದು ಹಸುರುಗೊಳಿಸಿದ ಹೊಲ ಹರಾಜಿಗೆ ಬಂದಾಗ ಹೊರಗಿನವನ ಪಾಲಾಗುವುದನ್ನು ಸಹಿಸದೆ ಕೊಲೆ ಮಾಡುತ್ತಾನೆ; ಊರಿಗೆ ಊರೇ ಬಾಯಿ ಮುಚ್ಚಿಕೊಳ್ಳುತ್ತದೆ. ಕ್ಷಾಮದ ಸ್ಮಶಾನವನ್ನು ಕಂಡು ಬಂದವನಿಗೆ ಆ ನೆಲದ ಹಸಿವು ಎಲ್ಲಿಯದೆಂದು ವಿವರಿಸಬೇಕಾಗಿಲ್ಲ. 1970ರಲ್ಲಿ ಹುಟ್ಟಿದ ಇಲ್ಲಿಯ ಲೇಖಕರ ಸಪ್ತಾಹ ಇಂದಿಗೂ ಬೇಸಗೆಯ ಮೊದಲಿಗೆ ನಡೆಯುತ್ತದೆ.

ಇವರೆಲ್ಲ ಬರೆದದ್ದು ಹೆಚ್ಚಾಗಿ ಇಂಗ್ಲಿಷಿನಲ್ಲಿ. ಆದರೆ ಅದು ಲಂಡನ್ನಿನ ಇಂಗ್ಲಿಷಲ್ಲ. ಭಾನುವಾರ ಅಂಗಡಿ ತೆರೆದಿರುತ್ತದೆಯೇ ಎಂದು ನಾನು ಒಬ್ಬಾಕೆಯನ್ನು ಕೇಳಿದೆ. ಆಕೆ ‘ಹೌದು’ ಎನ್ನಲಿಲ್ಲ; ‘ತೆರೆದಿರುತ್ತದೆ’ ಎಂದಳು. ಐರಿಷಿನಲ್ಲಿ ಹೌದು, ಅಲ್ಲ ಎಂಬುದಕ್ಕೆ ಒಂಟಿ ಪದಗಳಿಲ್ಲ. ಬಂದನೇ ಎಂದರೆ ಬಂದ ಎಂದು ಕ್ರಿಯಾಪದವನ್ನೇ ಮರಳಿಸಬೇಕು. ನಾವೂ ಮನೆಯಲ್ಲಿ ಹಾಗೆಯೇ ಅನ್ನುತ್ತೇವಲ್ಲವೆ? ಇಂಗ್ಲಿಷಿನಂತೆ ‘ಹೊಂದಿದ್ದೇನೆ’ ಎನ್ನುವ ಕ್ರಿಯಾಪದವೂ ಆ ಭಾಷೆಯಲ್ಲಿಲ್ಲ. ‘ತಾ ಲ್ಯವುರ್ ಅಗಮ್’ ಎಂದರೆ ಪುಸ್ತಕ ನನ್ನ ಬಳಿ ಇದೆ ಎಂದು. ಹಸಿವು ‘ನನ್ನ ಮೇಲೆ’ ಇರುತ್ತದೆ. ಐರಿಷಿಗೂ ಕನ್ನಡಕ್ಕೂ ಬಂಧುತ್ವವಿಲ್ಲ. ಆದರೂ ಈ ಹೋಲಿಕೆ ಕಂಡು ದೂರದ ಊರಿನಲ್ಲಿ ನೆಂಟರ ಮನೆ ಸಿಕ್ಕಷ್ಟು ಸಂತೋಷವಾಯಿತು. ನಾಲಿಗೆಯಿಂದ ಜಾರಿದ ಭಾಷೆ ವಾಕ್ಯದ ಮೂಳೆಯಲ್ಲಿ ಉಳಿದುಕೊಂಡಿದೆ. ಕೇನರ ಪಾತ್ರಗಳ ಮಾತಿಗೆ ಬಲ ಬಂದಿರುವುದೂ ಅಲ್ಲಿಂದಲೇ.

ಐರ್ಲೆಂಡಿಗೂ ನಮಗೂ ಇರುವ ಒಂದು ಋಣವನ್ನು ಇಲ್ಲಿ ನೆನೆಯಬೇಕು. 1924ರಲ್ಲಿ ಮೈಸೂರಿನಲ್ಲಿ ಇಂಗ್ಲಿಷ್ ಕವಿತೆ ಬರೆಯುತ್ತಿದ್ದ ತರುಣ ಕುವೆಂಪು ಅವರಿಗೆ, ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂದವರು ಜೇಮ್ಸ್ ಕಸಿನ್ಸ್. ಅವರು ಕೆರ್ರಿಯವರಲ್ಲ, ಉತ್ತರದ ಬೆಲ್‌ಫಾಸ್ಟಿನವರು. ತಾವು ಬರೆದದ್ದೂ ಇಂಗ್ಲಿಷಿನಲ್ಲೇ. ಆದರೆ ಭಾಷೆಯೊಂದು ಕೈತಪ್ಪಿದರೆ ಏನಾಗುತ್ತದೆಂದು ಕಂಡ ನಾಡಿನಿಂದ ಬಂದವರು. ಆ ಮಾತಿನ ತೂಕ ನನಗೆ ಪೂರ್ತಿಯಾಗಿ ತಿಳಿದದ್ದು ಲಿಸ್ಟೋಲಿನಲ್ಲಿ.

ಹಿಂತಿರುಗುವ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತ ವೃದ್ಧರೊಬ್ಬರು ನನ್ನ ಉದ್ಯೋಗವನ್ನು ವಿಚಾರಿಸಿದರು. ನನ್ನ ನಾಡಿನ ಭಾಷೆಯನ್ನು ಮೂವತ್ತು ವರ್ಷ ಪಾಠ ಹೇಳಿದವನು ಎಂದೆ. ಅವರು ತಮ್ಮ ಇಂಗ್ಲಿಷಿನಲ್ಲಿ, ಆದರೆ ಐರಿಷ್ ಜಾಡಿನಲ್ಲಿ ಕೇಳಿದರು: ‘ನಿಮ್ಮ ಮೊಮ್ಮಕ್ಕಳ ಬಳಿ ಅದು ಇದೆಯೆ?’ ಹೌದು ಎಂದು ತಲೆಯಾಡಿಸಿ ತಪ್ಪಿಸಿಕೊಳ್ಳುವಂತಿರಲಿಲ್ಲ. ಅವರ ರೀತಿಯಲ್ಲಿ ‘ಇದೆ’ ಎನ್ನಬೇಕು, ಇಲ್ಲವೆ ‘ಇಲ್ಲ’ ಎನ್ನಬೇಕು. ಬೆಂಗಳೂರಿನಲ್ಲಿರುವ ನನ್ನ ಮೊಮ್ಮಗ ಕನ್ನಡದಲ್ಲಿ ಮಾತಾಡುತ್ತಾನೆ. ಆದರೆ ಒಂದು ಪುಟ ಓದಲು ಹೇಳಿದರೆ ನೀರು ಕೇಳುತ್ತಾನೆ. ‘ಅರ್ಧ ಇದೆ’ ಎಂದೆ. ಆತ ನಗಲಿಲ್ಲ. ಕಿಟಕಿಯಾಚೆಯ ಮಳೆಯನ್ನು ನೋಡುತ್ತ, ‘ನನ್ನ ಅಜ್ಜನಿಗೂ ಅಷ್ಟೇ ಇತ್ತು’ ಎಂದರು. ಊರಿಗೆ ಬಂದ ಮೇಲೆ ನಾನು ಮಾಡಿದ ಮೊದಲ ಕೆಲಸ, ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಪುಟ ಓದಿಸಿದ್ದು. ಈಗ ಇಬ್ಬರೂ ಹತ್ತನೆಯ ಪುಟದಲ್ಲಿದ್ದೇವೆ.