ನಿಮಗಿದು ಗೊತ್ತೆ? ಹೊಸತೊಡಕಿನ ಸಾರಿಗೆ ಅಮೆರಿಕದ ನಂಟು

ಯುಗಾದಿಯ ಮಾರನೇ ದಿನ ಹೊಸತೊಡಕು. ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡದ ಕಡೆ ಅಂದು ಹೊತ್ತೇರುವ ಮೊದಲೇ ಗುಡ್ಡೆ ಬಾಡಿನ ಹಂಚಿಕೆ ಮುಗಿಯಬೇಕು. ನಾಲ್ಕಾರು ಮನೆಯವರು ಕೂಡಿ ಕುರಿ ಕೊಯ್ದು, ಎಲೆಗಳ ಮೇಲೆ ಸಮನಾಗಿ ಗುಡ್ಡೆ ಹಾಕುತ್ತಾರೆ. ಪ್ರತಿ ಗುಡ್ಡೆಗೂ ಒಂದು ಚೂರು ಈರಲು, ಒಂದೆರಡು ನಲ್ಲಿಮೂಳೆ ಬೀಳಲೇಬೇಕು, ಇಲ್ಲದಿದ್ದರೆ ಜಗಳ.

ಆ ಬಾಡಿನಿಂದ ಮಾಡುವ ಸಾರಿಗೆ ಹುಳಿ ಕೊಡುವ ಟೊಮೇಟೊ ಮೂಲತಃ ದಕ್ಷಿಣ ಅಮೆರಿಕದ್ದು. ಮೆಣಸಿನಕಾಯಿಯೂ ಆ ಕಡೆಯದೇ. ಪಾವಗಡದ ಹೊಲಗಳನ್ನು ತುಂಬಿರುವ ಕಡ್ಲೆಕಾಯಿ, ಅಂದರೆ ಒಗ್ಗರಣೆಯ ಎಣ್ಣೆ ಕೂಡ! ಮುದ್ದೆಯ ರಾಗಿ ಆಫ್ರಿಕಾದಿಂದ ಬಂದದ್ದು, ಆದರೆ ಅದು ಸಾವಿರಾರು ವರ್ಷಗಳ ಹಿಂದಿನ ಮಾತು.

ಇಟಲಿಗೂ ಟೊಮೇಟೊ ಹೊರಗಿನದೇ. ನೇಪಲ್ಸ್‌ನಲ್ಲಿ ಅಂಟೋನಿಯೊ ಲಾತೀನಿ ಬರೆದ 1690ರ ದಶಕದ ಅಡುಗೆ ಪುಸ್ತಕದಲ್ಲಿ ಟೊಮೇಟೊ ಸಾಸ್ ಇದೆ. ಮುಂದೆ ಅಮೆರಿಕಕ್ಕೆ ವಲಸೆ ಹೋದ ಇಟಲಿಯನ್ನರು ಭಾನುವಾರ ಬೆಳಿಗ್ಗೆ ಒಲೆಗಿಟ್ಟು ಗಂಟೆಗಟ್ಟಲೆ ಕುದಿಸುವ ಮಾಂಸದ ಸಾಸಿಗೆ ‘ಸಂಡೇ ಗ್ರೇವಿ’ ಎನ್ನತೊಡಗಿದರು. ನಮ್ಮ ಬಾಡಿನ ಸಾರಿನ ದೂರದ ದಾಯಾದಿ ಎನ್ನಬಹುದು.

ಎರಡರ ಗುಟ್ಟೂ ಸಣ್ಣ ಉರಿ. ಮಾಂಸದೊಳಗಿನ ಕೊಲಾಜೆನ್ ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ನಿಧಾನಕ್ಕೆ ಕರಗಿ ಜೆಲಟಿನ್ ಆಗುತ್ತದೆ. ಒಳ್ಳೆಯ ಸಾರು ಬೆರಳಿಗೆ ಅಂಟುವುದು ಅದಕ್ಕೇ. ಟೊಮೇಟೊದಲ್ಲಿರುವ ಗ್ಲುಟಮೇಟ್ ಬಾಡಿನ ರುಚಿಯನ್ನು ಎತ್ತಿಕೊಡುತ್ತದೆ. ಕುಕ್ಕರಿನಲ್ಲಿ ಬಾಡು ಬೇಗ ಬೆಂದೀತು, ಆದರೆ ನೀರು ಆವಿಯಾಗಿ ಹೋಗದೆ ಸಾರು ತೆಳ್ಳಗೇ ಉಳಿಯುತ್ತದೆ. ವಿಷಲ್ ಇಳಿದ ಮೇಲೆ ಮುಚ್ಚಳ ತೆಗೆದು ಇನ್ನೊಂದರ್ಧ ಗಂಟೆ ಕುದಿಯಲು ಬಿಡಿ.