ಕೊಳೆರೋಗವೂ ಸರ್ಕಾರದ ಸಂಶೋಧನೆಯೂ

ಮಳೆಗಾಲಕ್ಕೆ ಮುಂಚೆ ಸೊರಬ ತಾಲ್ಲೂಕಿನ ಚಂದ್ರಗುತ್ತಿ ಕಡೆ ಹೋಗಿದ್ದೆ. ಒಂದು ತೋಟದಲ್ಲಿ ಔಷಧಿ ಹೊಡೆಯುವ ಕೆಲಸ ನಡೆದಿತ್ತು. ಕೊನೆಗಾರ ಮರದ ಮೇಲಿದ್ದ. ಯಜಮಾನರು ಕೆಳಗೆ ನಿಂತು ಮೈಲುತುತ್ತ ಕರಗಿಸುತ್ತಿದ್ದರು. ನನ್ನನ್ನು ಕಂಡು ಕೇಳಿದರು: “ಅಲ್ಲ ಸಾಹೇಬ್ರೇ, ಸಂಶೋಧನೆ ಸಂಶೋಧನೆ ಅಂತ ಸರ್ಕಾರ ಇಷ್ಟು ದುಡ್ಡು ಸುರೀತದಲ್ಲ, ಅದರಿಂದ ನಮ್ಮಂಥೋರಿಗೆ ಏನು ಬಂತು?”

“ಯಜಮಾನ್ರೇ, ಬಂದದ್ದು ನಿಮ್ಮ ಕೈಯಲ್ಲೇ ಇದೆಯಲ್ಲ” ಎಂದೆ.

ಹೇಗೆ ಅಂತೀರೋ? ಕೇಳಿ. ಹಿಂದೆ ನಮ್ಮ ಹಿರಿಯರು ಅಡಿಕೆ ಕೊನೆಗೆ ಮಳೆನೀರು ತಾಗದಂತೆ ಕೊಟ್ಟೆ ಕಟ್ಟುತ್ತಿದ್ದರು. ಉಪಾಯ ಸರಿಯಾದದ್ದೇ. ಆದರೆ ಕೊಳೆಗೆ ಕಾರಣ ಏನೆಂದು ಗೊತ್ತಿರಲಿಲ್ಲ. 1908ರಲ್ಲಿ ಮೈಸೂರು ಸರ್ಕಾರ ಲೆಸ್ಲಿ ಕೋಲ್ಮನ್ ಎಂಬ ಕೆನಡಾ ದೇಶದ ವಿಜ್ಞಾನಿಯನ್ನು ನೇಮಿಸಿಕೊಂಡಿತು. ಅವರು ಕೊಳೆಯನ್ನು ಪರೀಕ್ಷಿಸಿ, ಅದು ಫೈಟಾಫ್ತೊರ ಜಾತಿಯ ಶಿಲೀಂಧ್ರದ ಕೆಲಸವೆಂದು 1910ರಲ್ಲಿ ಪ್ರಕಟಿಸಿದರು. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದ್ರಾಕ್ಷಿಗೆ ಹೊಡೆಯುತ್ತಿದ್ದ ಮೈಲುತುತ್ತ-ಸುಣ್ಣದ ದ್ರಾವಣವನ್ನು ನಮ್ಮ ಅಡಿಕೆಗೂ ಹೊಂದಿಸಿದರು. ಇಂದಿಗೂ ನೀವು ಹೊಡೆಯುವುದು ಅದೇ ದ್ರಾವಣ.

ಇದನ್ನು ಒಬ್ಬ ರೈತನೇ ಯಾಕೆ ಮಾಡಿಸಲಿಲ್ಲ? ನೀವೇ ಯೋಚಿಸಿ ನೋಡಿ. ವರ್ಷಗಟ್ಟಲೆ ಸಂಬಳ, ಪ್ರಯೋಗದ ಖರ್ಚು, ಕೊನೆಗೆ ಏನೂ ಸಿಗದೆ ಹೋಗುವ ಭಯ. ಇಷ್ಟಾಗಿ ಉಪಾಯ ಸಿಕ್ಕಿದರೆ ಬೇಲಿಯಾಚೆಯವನೂ ಅದನ್ನು ನೋಡಿ ಕಲಿಯುತ್ತಾನೆ. ಖರ್ಚು ಒಬ್ಬನದು, ಫಲ ಊರಿನದು. ಅಂದಮೇಲೆ ಯಾರು ಮುಂದೆ ಬರುತ್ತಾರೆ? ಕೆರೆಯ ಏರಿಯನ್ನು ಒಬ್ಬನೇ ಕಟ್ಟಲಾರ. ಊರೆಲ್ಲ ಸೇರಿ ಕಟ್ಟಬೇಕು. ಸಂಶೋಧನೆಯೂ ಹಾಗೆಯೇ. ಎಲ್ಲರ ತೆರಿಗೆ ಹಣದಲ್ಲಿ ನಡೆದು ಎಲ್ಲರಿಗೂ ದಕ್ಕಬೇಕಾದ್ದು.

ಲಾಭದ ಲೆಕ್ಕ ನೀವೇ ಹಾಕಿ. ಒಂದು ವರ್ಷ ಔಷಧಿ ತಪ್ಪಿ ಉದುರಿದ ಕಾಯಿಯ ಬೆಲೆ ಒಂದು ಕಡೆ ಬರೆಯಿರಿ. ಮೈಲುತುತ್ತ, ಸುಣ್ಣ, ಕೊನೆಗಾರನ ಕೂಲಿ ಇನ್ನೊಂದು ಕಡೆ. ಸೊರಬದ ಮಳೆಸೀಮೆಯ ತೋಟದವರಿಗೆ ಈ ಲೆಕ್ಕ ಬೇಗ ತಿಳಿಯುತ್ತದೆ. ಶಿಕಾರಿಪುರದ ಕಡೆ ಮಳೆ ಕಡಿಮೆ. ಆದರೂ ಜಡಿಮಳೆ ಹಿಡಿದ ವರ್ಷ ಅಲ್ಲಿಯವರೂ ಮೈಮರೆಯುವಂತಿಲ್ಲ.

ಹದ ಮಾತ್ರ ತಪ್ಪಬಾರದು. ಒಂದು ಕಿಲೋ ಮೈಲುತುತ್ತಕ್ಕೆ 50 ಲೀಟರ್ ನೀರು, ಒಂದು ಕಿಲೋ ಸುಣ್ಣಕ್ಕೆ 50 ಲೀಟರ್ ನೀರು. ಬೇರೆ ಬೇರೆ ಕರಗಿಸಿ ಆಮೇಲೆ ಕೂಡಿಸಿ. ಕಬ್ಬಿಣದ ಪಾತ್ರೆ ಬೇಡ. ಉಜ್ಜಿದ ಚಾಕು ಅದ್ದಿ ನೋಡಿ. ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣದ ತಿಳಿ ಹಾಕಿ. ಮಳೆ ಹಿಡಿಯುವ ಮುಂಚೆ ಒಂದು ಸಲ, 40-45 ದಿನ ಬಿಟ್ಟು ಇನ್ನೊಂದು ಸಲ ಹೊಡೆಯಿರಿ.

ಯಜಮಾನರು ಸುಮ್ಮನಿದ್ದು, ಆಮೇಲೆ ಅಂದರು: “ಅದು ಸರಿ. ಈಗಿನ ಎಲೆಚುಕ್ಕೆ ರೋಗಕ್ಕೆ?” ಮಾತು ನ್ಯಾಯವಾದದ್ದು. ಈಚೆಗೆ ಮಲೆನಾಡಿನ ತೋಟಗಳನ್ನು ಕಾಡುತ್ತಿರುವ ರೋಗ ಅದು. 1956ರಲ್ಲಿ ವಿಟ್ಲದಲ್ಲಿ ಅಡಿಕೆ ಸಂಶೋಧನಾ ಕೇಂದ್ರ, 2012ರಲ್ಲಿ ಶಿವಮೊಗ್ಗದಲ್ಲಿ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯ ಆದದ್ದು ಇಂಥ ಪ್ರಶ್ನೆಗಳಿಗಾಗಿಯೇ. ರೋಗ ತಗುಲಿದ ಎಲೆಯನ್ನು ಮುಚ್ಚಿಡಬೇಡಿ; ತಂದು ತೋರಿಸಿ, ಉತ್ತರ ಕೇಳಿ. ಹಣ ನಿಮ್ಮದು, ಕೇಳುವ ಹಕ್ಕೂ ನಿಮ್ಮದೇ.