ಮಗ್ರಿಬ್ ನಂತರದ 20 ನಿಮಿಷ

ರಬೀವುಲ್ ಅವ್ವಲ್ ಬಂತೆಂದರೆ ಮಸೀದಿ, ಮದ್ರಸಗಳ ಗೋಡೆ ತುಂಬ ಹಸಿರು ಸೀರಿಯಲ್ ಲೈಟ್. ಕಾರ್ತಿಕದಲ್ಲಿ ಉಡುಪಿಯ ರಥಬೀದಿಯಲ್ಲಿ ಲಕ್ಷದೀಪೋತ್ಸವ, ಡಿಸೆಂಬರಿನಲ್ಲಿ ಮಣಿಪಾಲದ ಅಂಗಡಿಗಳಲ್ಲಿ ಕ್ರಿಸ್ಮಸ್ ನಕ್ಷತ್ರ, ಜನವರಿಯಲ್ಲಿ ಕಾರ್ಕಳದ ಅತ್ತೂರು ಚರ್ಚಿನ ಜಾತ್ರೆ. ಎಲ್ಲ ಕಡೆಯೂ ಮೊಬೈಲ್ ಮೇಲೇಳುತ್ತದೆ. ಕಣ್ಣಿಗೆ ಅಷ್ಟು ಚೆಂದ ಕಂಡದ್ದು ಸ್ಟೇಟಸ್‌ನಲ್ಲಿ ಮಾತ್ರ ಬಿಳಿ ಮುದ್ದೆ! ಯಾಕೆ ಹೀಗೆ?

ರಾತ್ರಿಯ ಆಕಾಶ ಕಡುಕಪ್ಪು, ದೀಪ ಪ್ರಖರ. ಈ ಅಂತರವನ್ನು ಕಣ್ಣು ನಿಭಾಯಿಸುತ್ತದೆ. ಮೊಬೈಲಿನ ಸಣ್ಣ ಸೆನ್ಸರ್‌ಗೆ ಅದು ಕಷ್ಟ. ಚಿತ್ರದ ಹೆಚ್ಚು ಭಾಗ ಕತ್ತಲೆಯಾದರೆ ಕ್ಯಾಮರಾ ಅದನ್ನು ಬೆಳಗಿಸಲು ಹೊರಡುತ್ತದೆ, ಆಗ ದೀಪಗಳು ಬೆಳ್ಳಗೆ ಹರಡಿಕೊಳ್ಳುತ್ತವೆ. ಹಸಿರು ಎಲ್‌ಇಡಿಯದ್ದು ಇನ್ನೊಂದು ಪೇಚಾಟ. ಸೆನ್ಸರ್ ಕೆಂಪು, ಹಸಿರು, ನೀಲಿಯನ್ನು ಬೇರೆಬೇರೆಯಾಗಿ ಅಳೆಯುತ್ತದೆ. ಬೆಳಕೆಲ್ಲ ಹಸಿರಿನ ಪಾಲಿಗೇ ಬಿದ್ದರೆ ಅದು ತುಂಬಿ ತುಳುಕಿ, ಮಿನಾರದ ಕೆತ್ತನೆಯೆಲ್ಲ ಬಣ್ಣದಲ್ಲಿ ಮುಚ್ಚಿಹೋಗುತ್ತದೆ.

ದುಬಾರಿ ಮೊಬೈಲ್ ಬೇಡ, ಗಡಿಯಾರ ನೋಡಿ. ಸೂರ್ಯ ಮುಳುಗಿದ ಹತ್ತು ನಿಮಿಷದಿಂದ ಅರ್ಧ ಗಂಟೆಯವರೆಗೆ ಆಕಾಶ ನೀಲಿಯಾಗಿರುತ್ತದೆ, ಗೋಡೆಯ ಮೇಲೂ ಸ್ವಲ್ಪ ಬೆಳಕಿರುತ್ತದೆ. ಸೂರ್ಯಾಸ್ತಕ್ಕೇ ಮಗ್ರಿಬ್ ಬಾಂಗ್ ಅಲ್ಲವೇ? ಜಮಾಅತ್ ಮುಗಿಸಿ ಅಂಗಳಕ್ಕೆ ಬರುವಾಗ ಸರಿಯಾದ ಹೊತ್ತು ಶುರುವಾಗಿರುತ್ತದೆ. ಇಶಾದವರೆಗೆ ಕಾದರೆ ಮುಗಿಯಿತು. ಡಿಸೆಂಬರಿನಲ್ಲಾದರೆ ಸುಮಾರು 6.15ರಿಂದ 6.35. 1901ರಲ್ಲಿ ಕಟ್ಟಿದ ಕಾಪು ಲೈಟ್‌ಹೌಸಿಗೂ ಇದೇ ಲೆಕ್ಕ. ಆಮೇಲೆ ಗೋಪುರ ಕಾಣದೆ ದೀಪ ಮಾತ್ರ ಉಳಿಯುತ್ತದೆ.

ಸ್ಕ್ರೀನಿನಲ್ಲಿ ದೀಪದ ಮೇಲೆ ಬೆರಳಿಟ್ಟು, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಕೆಳಗೆ ಎಳೆಯಿರಿ. ಫ್ಲ್ಯಾಶ್ ಆಫ್ ಮಾಡಿ, ಅದರ ಬೆಳಕು ನಾಲ್ಕು ಹೆಜ್ಜೆ ದಾಟುವುದಿಲ್ಲ. ಕರಾವಳಿಯ ಸೆಕೆಗೆ ಲೆನ್ಸಿನ ಮೇಲೆ ಬೆವರಿನ ಪಸೆ ಕೂತಿರುತ್ತದೆ, ಒರೆಸಿಕೊಳ್ಳಿ.

ಫೋಟೋದಲ್ಲಿ ಅಡ್ಡಪಟ್ಟೆ ಬಂದರೆ ಮೊಬೈಲ್ ಕೆಟ್ಟಿದೆ ಎಂದುಕೊಳ್ಳಬೇಡಿ. ನಮ್ಮ ಕರೆಂಟು 50 ಹರ್ಟ್ಸ್. ಅಗ್ಗದ ಎಲ್‌ಇಡಿ ಸರಗಳು ಸೆಕೆಂಡಿಗೆ 50 ಅಥವಾ 100 ಸಲ ಆರಿ ಹತ್ತುತ್ತವೆ. ಪ್ರೊ ಮೋಡ್‌ನಲ್ಲಿ ಶಟರನ್ನು 1/50 ಅಥವಾ 1/25ಕ್ಕೆ ಇಟ್ಟರೆ ಪಟ್ಟೆ ಹೋಗುತ್ತದೆ. ರಥಬೀದಿಯ ಹಣತೆಗೆ ಈ ತಾಪತ್ರಯವಿಲ್ಲ. ಅಲ್ಲಿ ವೈಟ್ ಬ್ಯಾಲೆನ್ಸನ್ನು ಆಟೋದಿಂದ ಬಿಸಿಲಿನ ಗುರುತಿಗೆ ಬದಲಿಸಿದರೆ ಎಣ್ಣೆದೀಪದ ಕೆಂಬಣ್ಣ ಹಾಗೆಯೇ ಉಳಿಯುತ್ತದೆ. ನನಗಂತೂ ಎಲ್‌ಇಡಿಗಿಂತ ಅದೇ ಇಷ್ಟ.

ಮಿಲಾದ್ ವರ್ಷಕ್ಕೆ 10–11 ದಿನ ಹಿಂದೆ ಸರಿಯುವುದರಿಂದ ಸದ್ಯ ಮಳೆಗಾಲದಲ್ಲೇ ಬರುತ್ತಿದೆ. 2025ರಲ್ಲಿ ಸೆಪ್ಟೆಂಬರ್ 5. ಒದ್ದೆ ರಸ್ತೆಯಲ್ಲಿ ದೀಪಗಳ ನೆರಳು ಬೀಳುವುದು ಫೋಟೋಗೆ ಲಾಭವೇ. ಆದರೆ ಕೈ ಅಲುಗದಿರಲೆಂದು ಕಬ್ಬಿಣದ ಕಂಬಕ್ಕೋ ಗೇಟಿಗೋ ಒರಗುವ ಮುಂಚೆ ಅದಕ್ಕೆ ಸೀರಿಯಲ್ ವಯರ್ ಕಟ್ಟಿದ್ದಾರೆಯೇ ನೋಡಿ. ಟೇಪ್ ಸುತ್ತಿದ ಜಾಯಿಂಟಿಗೆ ನೀರು ಇಳಿದರೆ ಇಡೀ ಗೇಟಿಗೆ ಕರೆಂಟು ಬರಬಹುದು. ಮೊಬೈಲನ್ನು ಬೈಕಿನ ಸೀಟಿನ ಮೇಲೆ ಪುಸ್ತಕಕ್ಕೆ ಒರಗಿಸಿ, 3 ಸೆಕೆಂಡಿನ ಟೈಮರ್ ಹಾಕಿ.